ಮಾವನ ಅಂಚೆಚೀಟಿ, ಅತ್ತೆಯ ಒಣಮೀನು

ನಮ್ಮ ಮಾವನ ಮೂಗಿಗೆ ನರಸಿಂಹರಾಜಪುರದ ಕಡೆ ಒಂದು ಕಾಲಕ್ಕೆ ದೊಡ್ಡ ಹೆಸರಿತ್ತು. ಮಾವ ಅಂದರೆ ನನ್ನ ಅಮ್ಮನ ಅಣ್ಣ. ಕಾಫಿ ವ್ಯಾಪಾರಿಯೊಬ್ಬರ ಬಳಿ ಬೀಜ ನೋಡಿ ಕೊಳ್ಳುವ ಕೆಲಸ ಅವರದು. ಮೂಟೆಯ ಬಾಯಿ ಬಿಚ್ಚಿಸಿ, ಒಂದು ಹಿಡಿ ಬೀಜ ತೆಗೆದು, ಅಂಗೈಗಳ ನಡುವೆ ಉಜ್ಜಿ, ಕಣ್ಣು ಮುಚ್ಚಿಕೊಂಡು ಮೂಸುತ್ತಿದ್ದರು. "ಇದನ್ನ ಗೊಬ್ಬರದ ಚೀಲದ ಪಕ್ಕ ಇಟ್ಟಿದ್ರಿ" ಎಂದರೆ ಇಟ್ಟಿದ್ದೇ ನಿಜ. "ಕಣದಲ್ಲಿ ಒಣಗೋವಾಗ ಒಂದು ಮಳೆ ಬಿದ್ದಿದೆ" ಎಂದರೆ ಬಿದ್ದಿದ್ದೇ ನಿಜ. ಎಂಥ ದೊಡ್ಡ ತೋಟದ ಯಜಮಾನರೂ ಅವರೆದುರು ವಾದಕ್ಕೆ ನಿಲ್ಲುತ್ತಿರಲಿಲ್ಲ. ಮೂಗಿನ ಜೊತೆ ಯಾರು ವಾದ ಮಾಡುತ್ತಾರೆ?

ಸಂಜೆ ಕೆಲಸ ಮುಗಿಸಿ ಹೊರಡುವಾಗ ಆ ಮೂಗನ್ನು ಅಲ್ಲೇ ಗೋದಾಮಿನಲ್ಲಿ ಬಿಟ್ಟು ಬರುವ ಹಾಗಿದ್ದಿದ್ದರೆ ನಮ್ಮ ಅತ್ತೆಯ ಬಾಳು ಇನ್ನಷ್ಟು ಸುಖವಾಗಿರುತ್ತಿತ್ತು. ಮಾವ ಅದನ್ನು ಮನೆಗೂ ತರುತ್ತಿದ್ದರು.

ಮಾವನಿಗೆ ಬೀಡಿ ಸಿಗರೇಟಿನ ಅಭ್ಯಾಸವಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಅಂಚೆಚೀಟಿಯ ಹುಚ್ಚು. ಅವರು ಮೂಸಿದ ಕಾಫಿ ಮಂಗಳೂರಿನಿಂದ ಹಡಗು ಹತ್ತಿ ಜರ್ಮನಿಗೋ ಇಟಲಿಗೋ ಹೋಗುತ್ತಿತ್ತು. ಅಲ್ಲಿಂದ ಕಾಗದಪತ್ರ ಬಂದರೆ ಮಂಗಳೂರಿನ ಕಚೇರಿಯ ಗುಮಾಸ್ತರು ಲಕೋಟೆಯ ಮೂಲೆ ಕತ್ತರಿಸಿ ಇವರಿಗೆ ಕಳಿಸುತ್ತಿದ್ದರು. ಮಾವ ಅವನ್ನು ಬಟ್ಟಲಿನ ನೀರಲ್ಲಿ ನೆನೆಸಿ, ಹಿಂದಿನ ಕಾಗದ ಬಿಡಿಸಿ, ಹಳೆಯ ಟವೆಲಿನ ಮೇಲೆ ಒಣಗಿಸಿ, ಚಿಮುಟದಲ್ಲಿ ಹಿಡಿದು ದಪ್ಪ ರಟ್ಟಿನ ಆಲ್ಬಮ್ಮಿಗೆ ಸೇರಿಸುವುದನ್ನು ನಾನು ಲಂಗ ತೊಡುವ ವಯಸ್ಸಿನಲ್ಲಿ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಒಳಗೆ ಬರುವವರು ಕೈ ತೊಳೆದು ಬರಬೇಕಿತ್ತು. ಹಲಸಿನ ಹಣ್ಣು ತಿಂದವರು ಎಷ್ಟು ತೊಳೆದರೂ ಬರುವಂತಿರಲಿಲ್ಲ.

"ಕಾಗದ, ಕಾಫಿ ಎರಡೂ ಒಂದೇ ಜಾತಿ. ಪಕ್ಕದಲ್ಲಿ ಯಾರಿರ್ತಾರೋ ಅವರ ವಾಸನೆ ಹಿಡಿದುಬಿಡ್ತವೆ" ಎನ್ನುವುದು ಅವರ ಸಿದ್ಧಾಂತ. ಆ ಸಿದ್ಧಾಂತದ ಪ್ರಕಾರ ಆ ಕೋಣೆಯಲ್ಲಿ ಊದುಬತ್ತಿ ಹಚ್ಚುವಂತಿಲ್ಲ, ನುಸಿಗುಳಿಗೆ ಇಡುವಂತಿಲ್ಲ, ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಹಾಕುವಾಗ ನಡುಬಾಗಿಲು ಮುಚ್ಚಬೇಕು. ಒಣಮೀನಂತೂ ಮನೆಯ ಹೊಸ್ತಿಲನ್ನೇ ದಾಟಬಾರದು.

ಇಲ್ಲಿ ಅತ್ತೆಯ ತವರಿನ ವಿಚಾರ ಹೇಳಬೇಕು. ಅವರದು ಭದ್ರಾ ಹಿನ್ನೀರಿನ ಅಂಚಿನ ಹಳ್ಳಿ. ಅಲ್ಲಿ ಬೇಸಿಗೆಯಲ್ಲಿ ಸಣ್ಣ ಮೀನುಗಳಿಗೆ ಉಪ್ಪು ಹಚ್ಚಿ ಹೆಂಚಿನ ಮೇಲೆ ಒಣಗಿಸುತ್ತಾರೆ. ಮಳೆ ಹಿಡಿದು ತರಕಾರಿ ಸಿಗದ ದಿನಗಳಲ್ಲಿ ಅದನ್ನು ಕೆಂಡದ ಮೇಲೆ ಸುಟ್ಟು ಕಾಯಿ, ಮೆಣಸು ಹಾಕಿ ಚಟ್ನಿ ಅರೆಯುತ್ತಾರೆ. ಅತ್ತೆ ಆ ಚಟ್ನಿಯ ಮೇಲೆಯೇ ಬೆಳೆದವರು. ಮದುವೆಯಾಗಿ ಪೇಟೆಗೆ ಬಂದ ಮೇಲೆ ಅದು ತವರಿಗೆ ಹೋದಾಗ ಮಾತ್ರ. ಹಾಗಂತ ಮಾವ ಸಸ್ಯಾಹಾರಿಯಲ್ಲ. ಹಸಿಮೀನು ತಿನ್ನುತ್ತಿದ್ದರು, ಕೋಳಿ ತಿನ್ನುತ್ತಿದ್ದರು. ಒಣಮೀನಿಗೆ ಅಡ್ಡ ಬಂದದ್ದು ದೇವರಲ್ಲ, ಜರ್ಮನಿಯ ಅಂಚೆಚೀಟಿ.

ಆಲ್ಬಮ್ಮುಗಳಿದ್ದದ್ದು ಒಂದು ಕಬ್ಬಿಣದ ಬೀರುವಿನಲ್ಲಿ. ಮಳೆಗಾಲದಲ್ಲಿ ನಮ್ಮ ಕಡೆ ಕಾಗದಕ್ಕೆ, ಚಪ್ಪಲಿಗೆ, ಸೊಂಟದ ಬೆಲ್ಟಿಗೆ ಎಲ್ಲದಕ್ಕೂ ಬೂಷ್ಟು ಬರುತ್ತದೆ. ಅದಕ್ಕೆ ಮಾವ ಬೀರುವಿನ ತಳದಲ್ಲಿ ಒಂದು ಸಣ್ಣ ಬಲ್ಬು ಹಾಕಿಸಿದ್ದರು. ಮೊದಲ ಮಳೆಗೆ ಹಚ್ಚಿದರೆ ನವರಾತ್ರಿಯವರೆಗೆ ಅದು ಆರುತ್ತಿರಲಿಲ್ಲ. ಇಡೀ ಮನೆ ಒದ್ದೆ ಬಟ್ಟೆಯ ಹಾಗೆ ಇದ್ದಾಗಲೂ ಅಂಚೆಚೀಟಿಗಳು ಬೆಚ್ಚಗೆ ಮಲಗಿರುತ್ತಿದ್ದವು. ಕೆಳಗಿನ ಒಂದು ಅರೆಯನ್ನು ಅತ್ತೆಯ ರೇಷ್ಮೆ ಸೀರೆಗಳಿಗೆ ದಯಪಾಲಿಸಿದ್ದರು.

ಈಚೆಗೆ ಶೃಂಗೇರಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಮೂರೂ ತಾಲೂಕಿನ ಹವ್ಯಾಸಿಗಳನ್ನು ಸೇರಿಸಿ ಒಂದು ಪ್ರದರ್ಶನ ಮಾಡುವುದೆಂದು ಹೊರಟರು. ಹಳೆಯ ನಾಣ್ಯ, ಬೀಗ, ಬೆಂಕಿಪೊಟ್ಟಣದ ಚಿತ್ರ, ಅಂಚೆಚೀಟಿ. ಯಾರೋ ಮಾವನ ಹೆಸರು ಹೇಳಿದ್ದಾರೆ. ಮೇಷ್ಟ್ರು ಫೋನ್ ಮಾಡಿ ಕರೆದಿದ್ದಾರೆ. ಆ ಫೋನ್ ಇಟ್ಟವರೇ ಮಾವ ನನಗೆ ಫೋನ್ ಮಾಡಿದರು.

ನನ್ನದು ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿ. ಟೈಪಿಂಗ್, ಪ್ರಿಂಟಿಂಗ್, ಲ್ಯಾಮಿನೇಶನ್ ಎಲ್ಲ ಇದೆ.

"ನೀನು ಕಾಗದದ ಕೆಲಸದವಳು. ಆಲ್ಬಮ್ ತಗೊಂಡು ಹೋಗಿ ಒಂದೊಂದು ದೇಶದ್ದೂ ಹೆಸರು ನೀಟಾಗಿ ಪ್ರಿಂಟ್ ಮಾಡಿಕೊಡು. ನನ್ನ ಅಕ್ಷರ ಈಗ ನಡುಗ್ತದೆ" ಎಂದರು ಮಾವ.

ಜೀವಮಾನದಲ್ಲಿ ಯಾರ ಕೈಗೂ ಕೊಡದ ಆಲ್ಬಮ್ಮುಗಳನ್ನು ನನಗೆ ಕೊಡುತ್ತಿದ್ದಾರೆಂದು ನನಗೆ ಸಣ್ಣಗೆ ಹೆಮ್ಮೆಯೂ ಆಯಿತು. ಒಂದು ಭಾನುವಾರ ಹೋದೆ. ಅತ್ತೆ ಆಲ್ಬಮ್ಮುಗಳನ್ನು ಆಗಲೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದರ ಮೇಲೆ ಇನ್ನೊಂದು ಪ್ಲಾಸ್ಟಿಕ್ ಸುತ್ತಿ, ಚೀಲಕ್ಕೆ ಹಾಕಿ, ಬಾಯಿ ಹೊಲಿದಿದ್ದರು. ಇಷ್ಟು ಜಾಗ್ರತೆ ಯಾಕೆಂದು ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಗೇಟಿನವರೆಗೆ ಬಂದ ಅತ್ತೆ ಮೆಲ್ಲಗೆ, "ಮನೆಗೆ ಹೋದ ಕೂಡ್ಲೆ ಬಿಚ್ಚಿ ಗಾಳಿಗೆ ಇಡು ಮಾರಾಯ್ತಿ" ಎಂದರು. ಅದನ್ನೂ ಹಿರಿಯರ ಕಾಳಜಿ ಅಂದುಕೊಂಡೆ.

ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಬಿಸಿಲಿತ್ತು. ಅರ್ಧ ದಾರಿ ಬರುವಷ್ಟರಲ್ಲಿ ಪಕ್ಕದ ಹೆಂಗಸು ಎದ್ದು ಹಿಂದಿನ ಸೀಟಿಗೆ ಹೋದಳು. ಸ್ವಲ್ಪ ಹೊತ್ತಿಗೆ ಕಂಡಕ್ಟರ್ ಬಂದ.

"ಅಕ್ಕಾ, ಮೀನಿನ ಚೀಲ ಆದ್ರೆ ಹಿಂದೆ ಟೈರಿನ ಹತ್ರ ಇಡಿ. ಜನ ಕೂರಬೇಕಲ್ಲ."

"ಮೀನಲ್ಲ ಮಾರಾಯ, ಸ್ಟಾಂಪು" ಎಂದೆ.

ಅವನು ನನ್ನ ಮುಖವನ್ನೂ ಚೀಲವನ್ನೂ ನೋಡಿದ. ಮುಂದಕ್ಕೆ ಹೋದ. ಹೀಗೆ ಸುಳ್ಳು ಹೇಳುವವರನ್ನು ಅವನು ದಿನವೂ ನೋಡುತ್ತಾನೆ ಎನ್ನುವಂತಿತ್ತು.

ಮನೆಗೆ ಬಂದು ಪ್ಲಾಸ್ಟಿಕ್ ಬಿಚ್ಚಿದೆ. ಒಣಮೀನಿನ ವಾಸನೆ ನನಗೆ ಹೊಸದೇನಲ್ಲ, ನಾನೂ ತಿನ್ನುವವಳೇ. ಆದರೆ ಇಟಲಿಯ ಚೀಟಿಯ ಕಿರೀಟದ ಹೆಂಗಸಿನ ಮುಖದಿಂದ ಅದು ಬರುತ್ತದೆಂದು ನಾನು ಎಣಿಸಿರಲಿಲ್ಲ. ಪುಟ ತಿರುಗಿಸಿದಷ್ಟೂ ಬೇರೆ ಬೇರೆ ದೇಶ, ಒಂದೇ ಮೀನು. ನನ್ನ ಗಂಡ ಹೊರಗಿನಿಂದ ಬಂದವರು ಖುಷಿಯಿಂದ, "ಎಂತ, ಇವತ್ತು ಒಣಮೀನಾ?" ಎಂದರು. ಅಲ್ಲವೆಂದು ತಿಳಿದ ಮೇಲೆ ಅವರ ಮುಖ ಸಣ್ಣಗಾಯಿತು.

ಅತ್ತೆಗೆ ಫೋನ್ ಮಾಡಿದೆ. ಅವರು ಅದಕ್ಕೇ ಕಾದಿದ್ದವರಂತೆ ಮೊದಲನೇ ರಿಂಗಿಗೆ ಎತ್ತಿದರು.

"ನಿಮ್ಮ ಮಾವ ವಾಕಿಂಗ್ ಹೋಗಿದಾರೆ. ಹೇಳು. ತುಂಬ ಬರ್ತಾ ಇದ್ಯಾ?"

"ಎಂಥದತ್ತೆ ಇದು?"

"ಎಂತ ಹೇಳಾದು ಮಾರಾಯ್ತಿ..." ಎಂದು ಶುರು ಮಾಡಿ ಎಲ್ಲ ಹೇಳಿದರು. ಎಲ್ಲರೂ ಮಾಸ್ಕ್ ಹಾಕಿಕೊಂಡು ಓಡಾಡುತ್ತಿದ್ದ ವರ್ಷ, ಕೆಲಸ ಬಿಟ್ಟು ಮನೆಯಲ್ಲಿದ್ದ ಮಾವನಿಗೆ ಜ್ವರ ಬಂದದ್ದು ನಮಗೆಲ್ಲ ಗೊತ್ತಿತ್ತು. ಜ್ವರ ಹೋಯಿತು. ಹೋಗುವಾಗ ಮೂಗಿನ ವಾಸನೆಯನ್ನೂ ತೆಗೆದುಕೊಂಡು ಹೋಯಿತು. ಉಳಿದವರಿಗೆ ವಾರಕ್ಕೋ ತಿಂಗಳಿಗೋ ವಾಪಸು ಬಂತು. ಮಾವನಿಗೆ ಬರಲೇ ಇಲ್ಲ. ಅವರು ಅದನ್ನು ಯಾರಿಗೂ ಹೇಳಲಿಲ್ಲ, ಅತ್ತೆಗೂ. ಒಂದು ದಿನ ಹಾಲು ಉಕ್ಕಿ ಸೀದ ವಾಸನೆ ಮನೆಯೆಲ್ಲ ತುಂಬಿದರೂ ಮಾವ ಒಲೆಯ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದರಂತೆ. ಅತ್ತೆಗೆ ತಿಳಿಯಿತು. ತಿಳಿಯಿತೆಂದು ಅವರೂ ಹೇಳಲಿಲ್ಲ.

"ಪಾಪ, ಅವರಿಗೆ ಅಂತ ಇದ್ದಿದ್ದು ಮೂಗೊಂದೇ. ಅದೂ ಇಲ್ಲ ಅಂತ ಬಾಯಿಬಿಟ್ಟು ಹೇಳಿಸಾಕಾಗ್ತದಾ?" ಎಂದರು ಅತ್ತೆ. ಆಮೇಲೆ, "ಹಂಗೇ ನಂಗೂ ಒಂದು ಆಸೆ ಆತು" ಎಂದರು.

ಆಸೆ ಚಿಕ್ಕದೇ. ತಮ್ಮನ ಕೈಲಿ ತವರಿನಿಂದ ಒಂದಿಷ್ಟು ಒಣಮೀನು ತರಿಸಿದರು. ಮಾವ ವಾಕಿಂಗ್ ಹೋದಾಗ ಸುಟ್ಟುಕೊಂಡು ತಿಂದರು. ಯಾರೂ ಏನೂ ಕೇಳಲಿಲ್ಲ. ಇನ್ನಷ್ಟು ತರಿಸಿದರು. ಮಳೆಗಾಲ ಬಂತು. ಅಡುಗೆಮನೆಯ ಡಬ್ಬದಲ್ಲಿ ಮೀನು ತಂಪು ಹಿಡಿದು ಮೆತ್ತಗಾಗತೊಡಗಿತು. ಮನೆಯಲ್ಲಿ ಒಣಗಿದ, ಬೆಚ್ಚಗಿನ ಜಾಗ ಯಾವುದು ಎಂದು ಯೋಚಿಸಿದರೆ ಒಂದೇ ಒಂದು ಇತ್ತು. ರೇಷ್ಮೆ ಸೀರೆಗಳು ಟ್ರಂಕಿಗೆ ಹೋದವು. ಮೀನು ಹಳೆಯ ಪಂಚೆಯಲ್ಲಿ ಗಂಟಾಗಿ ಬೀರು ಸೇರಿತು. ಬಲ್ಬು ಉರಿಯುತ್ತಿತ್ತು. ಮೇಲಿನ ಅರೆಯಲ್ಲಿ ಯುರೋಪು, ಕೆಳಗಿನ ಅರೆಯಲ್ಲಿ ಹಿನ್ನೀರು. ಹೀಗೆ ಒಂದಲ್ಲ, ಹಲವು ಮಳೆಗಾಲ.

"ಅವರಿಗೆ ಗೊತ್ತಾಗಬಾರದು ಮಗಾ. ಹೆಂಗಾದ್ರೂ ಮಾಡಿ ತೆಗಿ. ನೀನು ಓದಿದವಳು" ಎಂದು ಅತ್ತೆ ಫೋನ್ ಇಟ್ಟರು.

ನಾನು ಓದಿದ್ದು ಬಿ.ಕಾಂ. ಅದರಲ್ಲಿ ಇದಿರಲಿಲ್ಲ. ಮೊಬೈಲಿನಲ್ಲಿ ಹುಡುಕಿದೆ. ಜಗತ್ತಿನಲ್ಲಿ ವಾಸನೆ ಹಿಡಿದ ಅಂಚೆಚೀಟಿ ಇಟ್ಟುಕೊಂಡು ಒದ್ದಾಡುವವರು ಬಹಳ ಮಂದಿ ಇದ್ದಾರೆಂದು ತಿಳಿದು ಸಮಾಧಾನವಾಯಿತು. ಒಬ್ಬನ ತಾತ ಚುಟ್ಟಾ ಸೇದುತ್ತಿದ್ದನಂತೆ, ಇನ್ನೊಬ್ಬಳ ಆಲ್ಬಮ್ಮಿನ ಮೇಲೆ ಬೆಕ್ಕು ಮಲಗಿತ್ತಂತೆ. ಮೀನಿನವರು ಯಾರೂ ಸಿಗಲಿಲ್ಲ. ಎಲ್ಲರೂ ಒಪ್ಪಿದ ಮಾತು ಇಷ್ಟು: ಅವಸರ ಮಾಡಬೇಡಿ, ಸೆಂಟು ಹೊಡೆಯಬೇಡಿ, ಬಿಸಿಲಿಗೆ ಇಟ್ಟರೆ ಬಣ್ಣ ಹೋಗುತ್ತದೆ, ನೀರು ತಗುಲಿದರೆ ಪುಟ ಸುರುಟುತ್ತದೆ. ಮಾಡಬಾರದ್ದೆಲ್ಲ ಸ್ಪಷ್ಟವಾಗಿತ್ತು.

ಮೊದಲು ಪುಟಗಳನ್ನು ಬಿಡಿಸಿ ಫ್ಯಾನಿನ ಕೆಳಗೆ ಇಟ್ಟೆ. ಆಲ್ಬಮ್ಮಿನ ವಾಸನೆ ಕಡಿಮೆಯಾಗಲಿಲ್ಲ, ಆದರೆ ಮನೆಯ ವಾಸನೆ ಹೆಚ್ಚಾಯಿತು. ಆಮೇಲೆ ಟ್ರಂಕಿನೊಳಗೆ ಒಂದು ಬಟ್ಟಲು ಅಡುಗೆ ಸೋಡ, ಒಂದು ಬಟ್ಟಲು ಇದ್ದಿಲು ಇಟ್ಟು, ನಡುವೆ ಆಲ್ಬಮ್ಮುಗಳನ್ನು ನಿಲ್ಲಿಸಿ ಮುಚ್ಚಳ ಹಾಕಿದೆ. ಮನೆಯಲ್ಲಿ ಇಡಲು ಗಂಡ ಬಿಡಲಿಲ್ಲ. ಟ್ರಂಕನ್ನು ಅಂಗಡಿಗೆ ಸಾಗಿಸಿದೆ.

ಅಂಗಡಿಯಲ್ಲಿ ಗಿರಾಕಿಗಳ ಬಾಯಿ ಸುಮ್ಮನಿರುವುದಿಲ್ಲ. "ಹಿಂದೆ ಮೀನಂಗಡಿ ಶುರು ಮಾಡಿದ್ರಾ ಅಕ್ಕ?" ಎಂದು ಒಬ್ಬರು. "ಜೆರಾಕ್ಸ್ ಮಿಷನ್ನಿಗೆ ಎಂತ ತಿನ್ನಿಸ್ತೀರಿ?" ಎಂದು ಇನ್ನೊಬ್ಬರು. ತಾಲೂಕು ಆಫೀಸಿಗೆ ಅರ್ಜಿ ಕೊಡಲು ಪ್ರಿಂಟ್ ತೆಗೆಸಿಕೊಂಡವರೊಬ್ಬರು ಹಾಳೆಯನ್ನು ಮೂಸಿ ನೋಡಿ, ಇನ್ನೊಂದು ಪ್ರತಿ ಕೊಡಿ ಎಂದರು. ಕೊಟ್ಟೆ. ಅದೂ ಹಾಗೇ ಇತ್ತು. ಲ್ಯಾಮಿನೇಶನ್ ಮಾಡಿಸಲು ಬಂದ ಒಬ್ಬ ಬುದ್ಧಿವಂತ, "ಸ್ಟಾಂಪುಗಳನ್ನೆಲ್ಲ ಲ್ಯಾಮಿನೇಶನ್ ಮಾಡಿಬಿಡಿ, ವಾಸನೆ ಒಳಗೇ ಲಾಕ್ ಆಗ್ತದೆ" ಎಂದ. ನನಗೆ ಆ ಹೊತ್ತಿಗೆ ಅದು ಎಷ್ಟು ಒಳ್ಳೆಯ ಸಲಹೆಯಾಗಿ ಕಂಡಿತೆಂದರೆ, ಮಿಷನ್ನು ಬಿಸಿಯಾಗಲು ಸ್ವಿಚ್ ಕೂಡ ಹಾಕಿದ್ದೆ. ಪುಣ್ಯಕ್ಕೆ ಕರೆಂಟ್ ಹೋಯಿತು. ಕೊಪ್ಪದಲ್ಲಿ ಕರೆಂಟು ಹೋದದ್ದಕ್ಕೆ ಸಂತೋಷಪಟ್ಟವಳು ಬಹುಶಃ ನಾನೊಬ್ಬಳೇ.

ಸೋಡ, ಇದ್ದಿಲು ಕೆಲಸ ಮಾಡುತ್ತಿದ್ದವು, ಆದರೆ ಸರ್ಕಾರಿ ಕೆಲಸದ ವೇಗದಲ್ಲಿ. ಪ್ರದರ್ಶನ ಹತ್ತಿರ ಬರುತ್ತಿತ್ತು. ತಾಳ್ಮೆ ತಪ್ಪಿ ಒಂದು ಕಟ್ಟು ಲಾವಂಚದ ಬೇರು ತಂದು ಟ್ರಂಕಿಗೆ ಹಾಕಿದೆ. ಮೀನು ಸ್ನಾನ ಮಾಡಿ ದೇವಸ್ಥಾನಕ್ಕೆ ಹೊರಟ ಹಾಗಾಯಿತು. ಗಂಡ ಕಾಫಿಪುಡಿ ಇಡು ಎಂದರು, ಅದನ್ನೂ ಇಟ್ಟೆ. ಮೀನು ದೇವಸ್ಥಾನದಿಂದ ಬಂದು ಕಾಫಿ ಕುಡಿಯಿತು. ಎರಡನ್ನೂ ತೆಗೆದು ಎಸೆದು ಮತ್ತೆ ಇದ್ದಿಲಿಗೇ ಬಂದೆ.

ಕೊನೆಗೆ ನನ್ನನ್ನು ಬದುಕಿಸಿದ್ದು ಶೃಂಗೇರಿಯ ಮೇಷ್ಟ್ರ ಒಂದು ನಿಯಮ. ಪ್ರದರ್ಶನದಲ್ಲಿ ಆಲ್ಬಮ್ ಇಡುವಂತಿಲ್ಲ, ಬಿಡಿ ಹಾಳೆಯ ಮೇಲೆ ಅಂಚೆಚೀಟಿ ಜೋಡಿಸಿ ಮೇಲೆ ಪ್ಲಾಸ್ಟಿಕ್ ಹಾಕಿ ಬೋರ್ಡಿಗೆ ಹಚ್ಚಬೇಕು ಎಂದು ಅವರು ತಿಳಿಸಿದರು. ಹೊಸ ಹಾಳೆಗಳನ್ನು ತಂದು ಚಿಮುಟದಲ್ಲಿ ಒಂದೊಂದೇ ಚೀಟಿ ಬಿಡಿಸುತ್ತ ಹೋದಾಗ ಒಂದು ಸಂಗತಿ ತಿಳಿಯಿತು. ವಾಸನೆಯನ್ನು ಹೀರಿಕೊಂಡದ್ದು ಹೆಚ್ಚಾಗಿ ಆಲ್ಬಮ್ಮಿನ ದಪ್ಪ ರಟ್ಟು, ಪುಟಗಳೇ. ಬಿಡಿಸಿಟ್ಟ ಚೀಟಿಗಳನ್ನು ನಾಲ್ಕು ದಿನ ಇದ್ದಿಲಿನ ಜೊತೆ ಇಟ್ಟರೆ ಅವು ಬಹುಮಟ್ಟಿಗೆ ಜರ್ಮನಿಗೆ ವಾಪಸಾದವು. ಮೂಗನ್ನು ಪೂರ್ತಿ ತಾಗಿಸಿದರೆ ಮಾತ್ರ ಹಿನ್ನೀರು.

ಅಷ್ಟರಲ್ಲಿ ಒಂದು ಮಧ್ಯಾಹ್ನ ಮಾವ ಹೇಳದೆ ಕೇಳದೆ ಕೊಪ್ಪಕ್ಕೆ ಬಂದಿಳಿದರು. ಅಂಗಡಿಗೆ ಬಂದವರೇ ಟ್ರಂಕಿನ ಮುಚ್ಚಳ ಎತ್ತಿಸಿದರು.

"ಇದ್ದಿಲು ಯಾಕೆ?"

"ತಂಪು ಹಿಡೀಬಾರದು ಅಂತ ಮಾವ."

"ಹ್ಞೂಂ. ಒಳ್ಳೇದು" ಎಂದು, ಖಾಲಿಯಾದ ಒಂದು ಆಲ್ಬಮ್ ತೆಗೆದು, ನಡುವಿನ ಪುಟ ಬಿಡಿಸಿ, ಮುಖ ಹುದುಗಿಸಿ ಕಣ್ಣು ಮುಚ್ಚಿಕೊಂಡು ದೀರ್ಘವಾಗಿ ಮೂಸಿದರು. ಹಿಂದೆ ಕಾಫಿ ಮೂಸುತ್ತಿದ್ದ ಹಾಗೆಯೇ. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಅವರು ಗಾಬರಿಯಿಂದ ನೋಡುತ್ತಿದ್ದರು.

"ಹಳೇ ಕಾಗದದ ವಾಸನೆ," ಎಂದರು ಮಾವ ತಲೆ ಎತ್ತಿ. "ಇದು ಬರಾಕೆ ಕಾಲ ಬೇಕು ಕಣೆ. ಅಲ್ಲಾ?"

ನನ್ನ ಮುಖವನ್ನೇ ನೋಡುತ್ತಿದ್ದರು.

"ಹೌದು ಮಾವ. ಹಳೇ ಕಾಗದದ್ದೇ" ಎಂದೆ.

ಗಿರಾಕಿಗಳಲ್ಲಿ ಒಬ್ಬರು ಕೆಮ್ಮಿದರು. ಮಾವ ಅವರ ಕಡೆಗೂ ಒಮ್ಮೆ ನೋಡಿ, ಆಲ್ಬಮ್ ಮುಚ್ಚಿ, ಟೀ ಕುಡಿದು, ಬಸ್ಸು ಹತ್ತಿದರು. ಹೋಗುವಾಗ ಆ ಖಾಲಿ ಆಲ್ಬಮ್ಮನ್ನು ಬಗಲಲ್ಲಿ ಇಟ್ಟುಕೊಂಡೇ ಹೋದರು. ಜನ ಕೇಳಿದರೆ ಮೂಲ ಪ್ರತಿ ತೋರಿಸಬೇಕಂತೆ. ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ಪ್ರದರ್ಶನ ನಡೆದದ್ದು ಶೃಂಗೇರಿಯಲ್ಲಿ, ಯಾತ್ರಿಕರು ಇಳಿದುಕೊಳ್ಳುವ ಒಂದು ಲಾಡ್ಜಿನ ಕೆಳಗಿನ ಹಾಲಿನಲ್ಲಿ. ದರ್ಶನ ಮುಗಿಸಿ ಊಟದ ಹೊತ್ತಿಗೆ ಕಾಯುವ ಜನ ಸುಮ್ಮನೆ ಒಳಗೆ ಬಂದು ನೋಡಿ ಹೋಗುತ್ತಿದ್ದರು. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ತಮ್ಮ ಬೋರ್ಡಿನ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಬೋರ್ಡಿನ ತಲೆಗೆ 'ನಮ್ಮ ಕಾಫಿ ಹೋದ ದೇಶಗಳು' ಎಂದು ನಾನೇ ಪ್ರಿಂಟ್ ಮಾಡಿದ ಶೀರ್ಷಿಕೆ. ಅವರ ಮುಂದಿನ ಸಣ್ಣ ಮೇಜಿನ ಮೇಲೆ, ಖಾಲಿ ಆಲ್ಬಮ್ಮಿಗೆ ನಿಯಮವಿಲ್ಲವೆಂದು ಅವರೇ ತಂದಿಟ್ಟ ಮೂಲ ಪ್ರತಿ. ಅತ್ತೆ ರೇಷ್ಮೆ ಸೀರೆ ಉಟ್ಟು, ಆ ಮೇಜಿನಿಂದ ಎಷ್ಟು ದೂರ ಕೂರಬಹುದೋ ಅಷ್ಟು ದೂರ ಕೂತಿದ್ದರು.

ಮೊದಲು ಬಂದ ರಸಿಕ ಲಾಡ್ಜಿನ ಬೆಕ್ಕು. ಹಳೆಯ ನಾಣ್ಯ, ಬೀಗಗಳನ್ನು ಕಣ್ಣೆತ್ತಿಯೂ ನೋಡದೆ ಸೀದಾ ಮಾವನ ಮೇಜಿನ ಕೆಳಗೆ ಬಂದು, ಮೇಲೆ ನೋಡುತ್ತ ಕೂಗತೊಡಗಿತು. ಓಡಿಸಿದರೆ ಒಂದು ಸುತ್ತು ಹೊಡೆದು ಮತ್ತೆ ಬಂದಿತು. ಮಾವನ ಕಾಲಿಗೆ ಮೈ ತಿಕ್ಕಿತು. ಆಮೇಲೆ ಜನ ಬಂದರು. ಬೋರ್ಡು ನೋಡುತ್ತ ನೋಡುತ್ತ ಮೂಗು ಏರಿಸುವುದು, ಪಕ್ಕದವರನ್ನು ಅನುಮಾನದಿಂದ ನೋಡುವುದು, ಮುಂದಕ್ಕೆ ಸರಿಯುವುದು.

ಮೇಷ್ಟ್ರು ಹಾಲಿನ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದವರು ನಿಂತರು. ಬಹಳ ಶಿಸ್ತಿನ ಮನುಷ್ಯ. ಯಾರಾದರೂ ಪ್ಲಾಸ್ಟಿಕ್ಕಿನ ಮೇಲೆ ಬೆರಳಿಟ್ಟರೆ ತರಗತಿಯಲ್ಲಿ ಗದರಿದ ಹಾಗೆ ಗದರುತ್ತಿದ್ದರು.

"ಯಾರ ಚೀಲದಲ್ಲಿ ಮೀನಿದೆ?" ಎಂದು ಜೋರಾಗಿ ಕೇಳಿದರು. "ಎಲ್ಲಿಗೆ ಬಂದಿದ್ದೀವಿ ಅನ್ನೋದು ನೋಡೋದು ಬೇಡವಾ ಮಾರಾಯ್ರೇ?"

ಜನ ತಮ್ಮ ತಮ್ಮ ಚೀಲ ನೋಡಿಕೊಂಡರು. ಬೆಕ್ಕು ಕೂಗುತ್ತಲೇ ಇತ್ತು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ಏನಾದರೂ ಸುಳ್ಳು ಹೇಳಬೇಕೆಂದು ಎದ್ದೆ. ಆದರೆ ಮಾವ ಆಗಲೇ ಎದ್ದು ನಿಂತಿದ್ದರು. ಮೊದಲು ಮೇಷ್ಟ್ರ ಮುಖ, ಆಮೇಲೆ ಜನರ ಮುಖ, ಆಮೇಲೆ ನನ್ನದು, ಕೊನೆಗೆ ಅತ್ತೆಯದು, ಒಂದೊಂದಾಗಿ ನೋಡಿದರು. ಆಲ್ಬಮ್ಮನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು.

"ಚೀಲದಲ್ಲಿ ಅಲ್ಲ ಮೇಷ್ಟ್ರೇ. ಇದರಲ್ಲಿ. ಒಣಮೀನು. ನಮ್ಮನೆಯವಳ ತವರಿಂದು" ಎಂದರು. "ಜೋರು ಬರ್ತಾ ಇದ್ಯಾ? ನನಗೆ ಗೊತ್ತಾಗಲ್ಲ. ಜ್ವರ ಬಂದಾಗಿಂದ ನನ್ನ ಮೂಗಿಗೆ ಎಂಥದೂ ಗೊತ್ತಾಗಲ್ಲ."

ಅಷ್ಟು ಜನರೆದುರು, ಕಾಫಿ ದರ ಹೇಳುವಷ್ಟು ಸಲೀಸಾಗಿ ಹೇಳಿಬಿಟ್ಟರು. ಅತ್ತೆಗೂ ಹೇಳಿರದ ಮಾತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಕೋಪ ಮುಂದುವರಿಸುವುದೋ ಬಿಡುವುದೋ ಅವರಿಗೆ ತೀರ್ಮಾನವಾಗಲಿಲ್ಲ. ಕೊನೆಗೆ ಸ್ವರ ಇಳಿಸಿ, "ನಮ್ಮ ಆಲ್ಬಮ್ಮಲ್ಲಿ ಬಾವಲಿ ವಾಸನೆ. ಅಟ್ಟದಲ್ಲಿ ಇಟ್ಟಿದ್ದೆ. ಏನು ಮಾಡಿದರೂ ಹೋಗಲಿಲ್ಲ. ಅದಕ್ಕೇ ಬಿಡಿ ಹಾಳೆ ನಿಯಮ ಮಾಡಿದ್ದು" ಎಂದರು. ಬೆಂಕಿಪೊಟ್ಟಣದವರು ತಮ್ಮ ಪುಸ್ತಕವನ್ನು ಮೂಸಿ ನೋಡಿ, ತಮ್ಮದರಲ್ಲಿ ಸೀಮೆಎಣ್ಣೆ ಇದೆ ಎಂದರು. ಹಾಲಿನಲ್ಲಿ ಒಬ್ಬೊಬ್ಬರಾಗಿ ತಮ್ಮ ತಮ್ಮ ಸಂಗ್ರಹಕ್ಕೆ ಮೂಗು ತಾಗಿಸತೊಡಗಿದರು. ಆಲ್ಬಮ್ಮನ್ನು ಹೊರಗಿನ ಜಗಲಿಗೆ ಒಯ್ದು ಸ್ಟೂಲಿನ ಮೇಲಿಡುವುದೆಂದು ತೀರ್ಮಾನವಾಯಿತು. ಅಲ್ಲಿ ಅದನ್ನು ನೋಡಲು, ಅಂದರೆ ಮೂಸಲು, ಒಳಗಿನದಕ್ಕಿಂತ ಹೆಚ್ಚು ಜನ ಸೇರಿದರು. ನಮ್ಮ ಬೋರ್ಡಿನ ಶೀರ್ಷಿಕೆ ಚೆನ್ನಾಗಿದೆ ಎಂದು ಹೇಳಿದವರು ಯಾರೂ ಇಲ್ಲ.

ಮಧ್ಯಾಹ್ನ ಊಟವಾದ ಮೇಲೆ ಅತ್ತೆ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಬರುತ್ತೇನೆಂದು ಹೋದರು. ಅಲ್ಲಿ ಮೀನಿಗೆ ತಿನ್ನಿಸುವುದೇ ಹೊರತು ಮೀನು ತಿನ್ನುವುದಿಲ್ಲ. ನಾನು, ಮಾವ ಜಗಲಿಯ ಕಟ್ಟೆಯ ಮೇಲೆ ಕೂತಿದ್ದೆವು.

"ನಿಮಗೆ ಯಾವಾಗ ಗೊತ್ತಾತು ಮಾವ?"

"ಶುರುವಲ್ಲೇ. ಬೀರು ನಂದಲ್ವನೇ? ಮೂಗು ಹೋದ್ರೆ ಕಣ್ಣೂ ಹೋಗ್ತದಾ?" ಎಂದರು. "ಪಂಚೆ ಗಂಟು ಬಿಚ್ಚಿ ನೋಡಿ ಹಂಗೇ ಕಟ್ಟಿಟ್ಟೆ."

"ಮತ್ತೆ ಸುಮ್ನಿದ್ರಲ್ಲ?"

"ಎಂತ ಅಂತ ಕೇಳ್ಲಿ? ಮೀನು ಯಾಕೆ ಇಟ್ಟೆ ಅಂತ ಕೇಳಿದ್ರೆ, ಇಷ್ಟು ದಿನ ವಾಸನೆ ಬರಲಿಲ್ವಾ ಅಂತ ಅವಳು ಕೇಳ್ತಾಳೆ" ಎಂದರು. ಬೆಕ್ಕಿನ ಕಿವಿ ತುರಿಸಿದರು. "ಅಲ್ದೆ, ಅವಳು ಅಷ್ಟು ವರ್ಷ ತಿಂದಿರಲಿಲ್ಲ ನೋಡು. ನಾನು ವಾಕಿಂಗ್ ಹೋಗೋದನ್ನೇ ಕಾಯ್ತಾ ಇರ್ತಿದ್ಲು. ಮಳೆ ಬರಲಿ ಬಿಡಲಿ, ಕೊಡೆ ಹಿಡ್ಕೊಂಡು ಹೋಗ್ತಿದ್ದೆ ಮಾರಾಯ್ತಿ."

ನನಗೆ ಇನ್ನೊಂದು ಅನುಮಾನ ಬಂತು. "ಹಾಗಾದ್ರೆ ಆಲ್ಬಮ್ ನನಗೆ ಕೊಟ್ಟಿದ್ದು ಹೆಸರು ಪ್ರಿಂಟ್ ಮಾಡೋಕಲ್ಲ?"

"ಎಷ್ಟು ವಾಸನೆ ಹಿಡಿದಿದೆ ಅಂತ ನನಗೆ ಹೆಂಗೆ ಗೊತ್ತಾಗಬೇಕು? ಯಾರನ್ನ ಕೇಳಾದು? ನಿನಗೆ ಕೊಟ್ರೆ ನಿನಗೇ ಗೊತ್ತಾಗಿ ತೆಗೀತಿ ಅಂತ ಕೊಟ್ಟೆ. ನೋಡಾನ ಅಂತ ಕೊಪ್ಪಕ್ಕೂ ಬಂದೆ. ನೀನು ನೋಡಿದ್ರೆ ಹಳೇ ಕಾಗದ ಅಂದೆ. ನಿನ್ನ ಗಿರಾಕಿ ಮುಖ ನೋಡಿದ ಮೇಲೆ ನಿಜ ಗೊತ್ತಾತು. ಆದ್ರೆ ಹಾಲು ತುಂಬಾ ಬರುವಷ್ಟು ಜೋರು ಅಂತ ಎಣಿಸಿರ್ಲಿಲ್ಲ."

ಹೀಗೆ ಗಂಡ ಹೆಂಡತಿ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದಂತೆ ನನ್ನ ಕೈಯಲ್ಲಿ ಒಂದೇ ಕೆಲಸ ಮಾಡಿಸಿದ್ದರು. ನನ್ನ ಅಂಗಡಿಯ ಹೆಸರು ಕೆಟ್ಟದ್ದು, ಬಸ್ಸಿನಲ್ಲಿ ಮಾನ ಹೋದದ್ದು ಇಬ್ಬರ ಲೆಕ್ಕದಲ್ಲೂ ಇರಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು. ಆದರೆ ಮಳೆಯಲ್ಲಿ ಕೊಡೆ ಹಿಡಿದುಕೊಂಡು, ಹೆಂಡತಿ ಮೀನು ಸುಟ್ಟು ತಿಂದು ಮುಗಿಸಲಿ ಎಂದು ಎನ್.ಆರ್. ಪುರದ ರಸ್ತೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುವ ಮಾವ ಕಣ್ಣ ಮುಂದೆ ಬಂದರು. ಸಿಟ್ಟು ಮಾಡಲು ಆಗಲಿಲ್ಲ.

ಅತ್ತೆ ವಾಪಸು ಬಂದರು. ಬಸ್ಸು ಬಂದಾಗ ಅತ್ತೆ ಆಲ್ಬಮ್ಮನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಲು ಹೋದರು. "ಬಿಡು, ಈಗೆಂತಕ್ಕೆ" ಎಂದು ಮಾವ ಹಾಗೆಯೇ ಎತ್ತಿಕೊಂಡರು. ಬೋರ್ಡು ಬಿಚ್ಚಲು ಹಿಂದುಳಿದ ನಾನು ಆ ಬಸ್ಸಿನವರ ಕಥೆ ಕೇಳಲಿಲ್ಲ.

ಅಂಚೆಚೀಟಿಗಳನ್ನು ಈಗ ಹೊಸ ಪುಸ್ತಕಗಳಲ್ಲಿ ಹಾಕಿಟ್ಟಿದ್ದೇನೆ. ಬೀರು ಅವುಗಳದ್ದೇ, ಮೀನು ಅಡುಗೆಮನೆಗೆ ಬಂದು, ಅದಕ್ಕೆಂದೇ ಮಾಡಿಸಿದ ಒಂದು ತಗಡಿನ ಡಬ್ಬ, ಒಂದು ಸಣ್ಣ ಬಲ್ಬು ಪಡೆದಿದೆ. ಬಲ್ಬು ಹಾಕಿಸಿದವರು ಮಾವನೇ. ಮಾವನ ಮೂಗನ್ನು ಶಿವಮೊಗ್ಗದ ಡಾಕ್ಟರಿಗೆ ತೋರಿಸಿಯೂ ಆಯಿತು. ದಿನಾ ಬೆಳಿಗ್ಗೆ ಲವಂಗ, ನಿಂಬೆಹಣ್ಣು ಇಂಥವನ್ನೆಲ್ಲ ಮೂಸಿ ಅಭ್ಯಾಸ ಮಾಡಿ, ಬಂದರೂ ಬರಬಹುದು ಎಂದರಂತೆ. ಮಾವ ಕಣ್ಣು ಮುಚ್ಚಿ ಕೂರುತ್ತಾರೆ. ಅತ್ತೆ ಒಂದೊಂದಾಗಿ ಮೂಗಿನ ಹತ್ತಿರ ಹಿಡಿಯುತ್ತಾರೆ. ಡಾಕ್ಟರು ಬರೆದುಕೊಡದ ಕೆಲವು ಸಾಮಾನುಗಳನ್ನೂ ಹಿಡಿಯುತ್ತಾರೆಂದು ನನಗೆ ಅನುಮಾನ.

ಇದಕ್ಕಿಂತ ದೊಡ್ಡ ಬದಲಾವಣೆ ಬೇರೆ. ಮೂಗು ಹೋದ ವಿಷಯ ಬಹಿರಂಗವಾದ ಮೇಲೆ ಮಾವ ಎಲ್ಲದಕ್ಕೂ ಅತ್ತೆಯನ್ನು ಕೇಳುತ್ತಾರೆ. ಸಾರು ಕುದಿಯುತ್ತಿದ್ದರೆ, "ಎಂಥ ವಾಸನೆ ಬರ್ತಾ ಇದೆ ಈಗ?" ಮೊದಲ ಮಳೆ ಬಿದ್ದರೆ, "ಮಣ್ಣಿಂದು ಬಂತಾ?" ಅತ್ತೆ ಕೆಲಸ ಬಿಟ್ಟು ನಿಂತು, ಮೂಗು ಅರಳಿಸಿ, ಯೋಚಿಸಿ ಹೇಳುತ್ತಾರೆ. ಜೀವಮಾನವಿಡೀ ಆ ಮನೆಯಲ್ಲಿ ವಾಸನೆಯ ಬಗ್ಗೆ ತೀರ್ಪು ಕೊಡುತ್ತಿದ್ದದ್ದು ಒಬ್ಬರೇ. ಈಗ ಆ ಕುರ್ಚಿಯಲ್ಲಿ ಅತ್ತೆ ಕೂತಿದ್ದಾರೆ, ಮತ್ತು ಅದನ್ನು ಅವರು ಸುಲಭಕ್ಕೆ ಬಿಟ್ಟುಕೊಡುವ ಹಾಗೆ ಕಾಣುವುದಿಲ್ಲ.

ಮೊನ್ನೆ ಹೋದಾಗ ಅತ್ತೆ ಹಿತ್ತಿಲಿಗೆ ಹೋದದ್ದನ್ನು ನೋಡಿಕೊಂಡು ಮಾವ ನನ್ನ ಹತ್ತಿರ ಬಾಗಿ, "ಅಡುಗೆಮನೆಯಿಂದ ಎಂತ ಬರ್ತಾ ಇದೆ? ಅವಳು ಹೆಸರುಕಾಳು ಅಂದ್ಲು, ಹೌದನೇ?" ಎಂದು ಪಿಸುಗುಟ್ಟಿದರು.

ಬರುತ್ತಿದ್ದದ್ದು ಹೆಸರುಕಾಳಲ್ಲ, ಹಿನ್ನೀರಿನ ಮೀನು.

"ಹೌದು ಮಾವ" ಎಂದೆ.